ಜನ ನೋಡಿ, ಕೆಲಸ ನೋಡಿ, ಹೊತ್ತು ನೋಡಿ: ಕಾರ್ಖಾನೆಯ ಶಾಪ್ ಫ್ಲೋರ್‌ನಲ್ಲಿ ತಂಡ ನಡೆಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೋರ್, ಅಂದರೆ ಪೀಸ್ ಒಳಗಿನ ರಂಧ್ರ, 40.004 ಮಿಲಿಮೀಟರ್ ಬಂದಿತ್ತು. ಡ್ರಾಯಿಂಗ್‌ನಲ್ಲಿ 40 ಎಚ್7. ಅಂದರೆ 40.000ದಿಂದ 40.025ರವರೆಗೆ ಎಲ್ಲಿದ್ದರೂ ಪೀಸ್ ಓಕೆ. ಇನ್ಸರ್ಟ್ (ಲೋಹ ಕತ್ತರಿಸುವ ಟೂಲ್‌ನ ತುದಿ) ಸವೆದ ಹಾಗೆ ಬೋರ್ ಚಿಕ್ಕದಾಗುತ್ತಾ ಹೋಗುತ್ತದೆ. ಹಾಗಾಗಿ ಆಫ್‌ಸೆಟ್‌ನಲ್ಲಿ (ಟೂಲ್ ಎಲ್ಲಿ ನಿಲ್ಲಬೇಕು ಅಂತ ಮಷಿನ್‌ಗೆ ಕೊಡುವ ತಿದ್ದುಪಡಿ) 0.008 ಕೂಡಿಸಬೇಕಿತ್ತು. ಹುಡುಗ 0.08 ಕೂಡಿಸಿದ. ಮುಂದಿನ ಪೀಸ್ 40.084. ಹೊರಮೈ ದಪ್ಪ ಉಳಿದರೆ ಇನ್ನೊಂದು ಕಟ್ ಹೊಡೆದು ಸರಿಮಾಡಬಹುದು. ಬೋರ್ ದೊಡ್ಡದಾದರೆ ಏನೂ ಮಾಡೋಕಾಗಲ್ಲ, ನೇರ ಸ್ಕ್ರ್ಯಾಪ್. ಅವನು ಮತ್ತೆ ಅಳೆದು ನೋಡುವಷ್ಟರಲ್ಲಿ 11 ಪೀಸ್ ಹೋಗಿತ್ತು.

ಎಲ್ಲರ ಮುಂದೆ ಬೈದೆ. ಊಟಕ್ಕೆ ಕೂತಾಗ ತುತ್ತು ಇಳಿಯಲಿಲ್ಲ. ಆ ಹುಡುಗ ಮೂರು ತಿಂಗಳಿಂದ ಲೋಡಿಂಗ್, ಅನ್‌ಲೋಡಿಂಗ್ ಅಚ್ಚುಕಟ್ಟಾಗಿ ಮಾಡುತ್ತಿದ್ದ. "ಹುಡುಗ ಚೆನ್ನಾಗಿದ್ದಾನೆ" ಅಂತ ನಾನೇ ಆಫ್‌ಸೆಟ್ ಕೆಲಸವನ್ನೂ ಅವನ ಕೈಗೆ ಬಿಟ್ಟಿದ್ದೆ. ಆಫ್‌ಸೆಟ್ ಕೊಡುವುದು ಹೇಗೆ ಅಂತ ಅವನಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ.

ಅದೇ ತಿಂಗಳು ಇನ್ನೊಂದು ನಡೆಯಿತು. ನಮ್ಮಲ್ಲೊಬ್ಬರು ಹಿರಿಯ ಟರ್ನರ್ ಇದ್ದರು. ಲೇತ್ ಮೇಲೆ ಅವರ ಕೈ ಓಡುವುದನ್ನು ನೋಡುವುದೇ ಒಂದು ಚೆಂದ. ಅರ್ಜೆಂಟ್ ಆರ್ಡರ್ ಅಂತ ನಾನು ಗಂಟೆಗೊಮ್ಮೆ ಹೋಗಿ ಅವರ ಪಕ್ಕ ನಿಂತು "ಫೀಡ್ ಎಷ್ಟಿಟ್ಟಿದ್ದೀರಾ, ಅಳೆದ್ರಾ" ಅಂತ ಕೇಳುತ್ತಿದ್ದೆ. ಸಂಜೆ ಕೈ ಒರೆಸಿಕೊಳ್ಳುತ್ತಾ ಬಂದು ಒಂದೇ ಮಾತು ಕೇಳಿದರು: "ಸರ್, ನನ್ನ ಮೇಲೆ ನಂಬಿಕೆ ಹೋಯ್ತಾ?"

ಜೊತೆಯಲ್ಲಿ ನಿಲ್ಲಬೇಕಾದ ಕಡೆ ಬಿಟ್ಟಿದ್ದೆ. ಬಿಡಬೇಕಾದ ಕಡೆ ಹೋಗಿ ನಿಂತಿದ್ದೆ. ಪೀಣ್ಯದ ಮಷಿನ್ ಶಾಪ್‌ಗಳಲ್ಲಿ 20 ವರ್ಷಕ್ಕಿಂತ ಜಾಸ್ತಿ ಕಳೆದಿದ್ದೇನೆ. ಜನರನ್ನು ನಡೆಸುವುದರಲ್ಲಿ ನಾನು ಮಾಡಿದ ತಪ್ಪೆಲ್ಲ ಹೆಚ್ಚುಕಡಿಮೆ ಈ ಎರಡರಲ್ಲಿ ಒಂದು. ಹಾಗಾಗಿ ಈ ಬರಹ. ಹೊಸದಾಗಿ ಸೂಪರ್‌ವೈಸರ್ ಆದವರು, ಶಿಫ್ಟ್ ಇನ್‌ಚಾರ್ಜ್ ಆದವರು, ಸಣ್ಣ ಶಾಪ್ ನಡೆಸುವವರು ಇದನ್ನು ಹಾಗೇ ಕೆಲಸಕ್ಕೆ ಇಳಿಸಬಹುದು. ಆಫೀಸ್‌ನಲ್ಲಿ ಇರುವವರಿಗೂ ದಾರಿ ಇದೇ. ಉದಾಹರಣೆ ಮಾತ್ರ ನಾನು ಬಲ್ಲ ಜಾಗದಿಂದ ಕೊಟ್ಟಿದ್ದೇನೆ.

ಹಂತ 1: ಮೊದಲು ನಿಮ್ಮ ರೂಢಿ ಏನು ಅಂತ ನೋಡಿಕೊಳ್ಳಿ

ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ಒಂದು ವಾರ, ಯಾರ ಜೊತೆ ಕೆಲಸದ ಮಾತಾಡಿದರೂ ಆಮೇಲೆ ಒಂದಕ್ಷರ ಬರೆಯಿರಿ. ಹೀಗೆ ಮಾಡು ಅಂತ ಹೇಳಿದರೆ "ಹೇ". ಮಾಡಿ ತೋರಿಸಿದರೆ "ತೋ". ಅವರ ಅಭಿಪ್ರಾಯ ಕೇಳಿದರೆ "ಕೇ". ನೀವೇ ನೋಡಿಕೊಳ್ಳಿ ಅಂತ ಬಿಟ್ಟರೆ "ಬಿ". ಪಕ್ಕದಲ್ಲಿ ಯಾರ ಜೊತೆ ಅನ್ನುವುದನ್ನೂ ಬರೆಯಿರಿ.

ನನ್ನ ಮೊದಲ ವಾರದ ಪುಟದ ತುಂಬ "ಹೇ". "ಕೇ" ಇದ್ದದ್ದು ನಾಲ್ಕೇ ನಾಲ್ಕು, ಅದರಲ್ಲಿ ಮೂರು ಒಬ್ಬನ ಜೊತೆ. ಆತ ನಮ್ಮ ಊರಿನ ಕಡೆಯವನು. ಇದನ್ನು ಕಾಗದದ ಮೇಲೆ ನೋಡುವವರೆಗೂ ನನಗೆ ಗೊತ್ತೇ ಇರಲಿಲ್ಲ. ನೀವೂ ಸುಮ್ನೆ ಊಹೆ ಮಾಡಿಕೊಳ್ಳಬೇಡಿ, ಬರೆದು ನೋಡಿ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. 1960ರ ದಶಕದಲ್ಲಿ ಫ್ರೆಡ್ ಫೀಡ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು, ನಾಯಕನ ರೀತಿ ಸುಲಭಕ್ಕೆ ಬದಲಾಗುವುದಿಲ್ಲ, ಅವನ ರೀತಿಗೆ ಹೊಂದುವ ಜಾಗದಲ್ಲಿ ಅವನನ್ನು ಇಡುವುದೇ ಸರಿ ಅಂದಿದ್ದರು. ಅದರಲ್ಲಿ ಸ್ವಲ್ಪ ನಿಜ ಇದೆ. ನನಗೆ ಹೊಸ ಹುಡುಗರಿಗೆ ಕಲಿಸುವ ತಾಳ್ಮೆ ಮೊದಲಿನಿಂದಲೂ ಕಡಿಮೆ. ಅದಕ್ಕೆ ಮೊದಲ ಎರಡು ವಾರ ಹೊಸಬರನ್ನು ನಮ್ಮ ಒಬ್ಬ ಸೆಟ್ಟರ್ ಜೊತೆ ಬಿಡುತ್ತೇನೆ. ಕಲಿಸುವುದು ಅವನಿಗೆ ಇಷ್ಟ, ಚೆನ್ನಾಗಿಯೂ ಕಲಿಸುತ್ತಾನೆ. ಆದರೆ "ನನ್ನ ಸ್ವಭಾವವೇ ಹೀಗೆ" ಅಂತ ಎಲ್ಲದಕ್ಕೂ ಹೇಳುತ್ತಾ ಕೂತರೆ ಆಗುವುದಿಲ್ಲ. ಇಷ್ಟು ವರ್ಷದಲ್ಲಿ ನಾನೇ ಸಾಕಷ್ಟು ಬದಲಾಗಿದ್ದೇನೆ.

ಹಂತ 2: ಕೆಲಸವನ್ನು ತುಂಡು ತುಂಡಾಗಿ ಬರೆಯಿರಿ

ಈ ಬರಹದಲ್ಲಿ ಒಂದೇ ಒಂದು ವಿಷಯ ಹಿಡಿದುಕೊಳ್ಳಿ ಅಂದರೆ ಇದನ್ನೇ ಹಿಡಿದುಕೊಳ್ಳಿ ಅನ್ನುತ್ತೇನೆ. "ಇವನು ಚುರುಕು, ಅವನು ದಡ್ಡ, ಇವರು ಸೀನಿಯರ್" ಅಂತ ಇಡೀ ಮನುಷ್ಯನಿಗೆ ಚೀಟಿ ಅಂಟಿಸಬೇಡಿ. ಈ ಒಂದು ಕೆಲಸದಲ್ಲಿ ಇವರು ಎಲ್ಲಿದ್ದಾರೆ ಅಂತ ಮಾತ್ರ ನೋಡಿ.

ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ಆಪರೇಟರ್ ಕೆಲಸ ಅಂದರೆ ಒಂದು ಕೆಲಸ ಅಲ್ಲ. ಬಿಡಿಸಿ ಬರೆದರೆ ಹೀಗಿರುತ್ತದೆ: ಪೀಸ್ ಲೋಡ್ ಮಾಡುವುದು, ವರ್ನಿಯರ್ ಹಿಡಿದು ಅಳೆಯುವುದು, ಬೋರ್ ಡಯಲ್ ಗೇಜ್‌ನಲ್ಲಿ ಅಳೆಯುವುದು, ಇನ್ಸರ್ಟ್ ತಿರುಗಿಸಿ ಹಾಕುವುದು, ಆಫ್‌ಸೆಟ್ ಕೊಡುವುದು, ಸಾಫ್ಟ್ ಜಾ ಕಟ್ ಮಾಡಿಕೊಳ್ಳುವುದು, ಹೊಸ ಜಾಬ್ ಸೆಟ್ ಮಾಡುವುದು, ಪ್ರೋಗ್ರಾಂ ತಿದ್ದುವುದು, ಲಾಗ್ ಬುಕ್ ಬರೆಯುವುದು, ಮುಂದಿನ ಶಿಫ್ಟ್‌ನವರಿಗೆ ಒಪ್ಪಿಸಿ ಹೋಗುವುದು. ಒಬ್ಬನೇ ಹುಡುಗ ಇದರಲ್ಲಿ ನಾಲ್ಕರಲ್ಲಿ ಪಳಗಿರಬಹುದು, ಎರಡರಲ್ಲಿ ಹೊಸಬನಾಗಿರಬಹುದು, ಒಂದನ್ನು ಕಂಡರೆ ಹೆದರಬಹುದು.

ಮೇಲೆ ಹೇಳಿದ ಹಿರಿಯ ಟರ್ನರ್ ವಿಷಯದಲ್ಲಿ ಇದು ನನಗೆ ಇನ್ನೊಮ್ಮೆ ಪಾಠ ಕಲಿಸಿತು. ಅವರ ಮಾತಿನಿಂದ ನಾಚಿಕೆಯಾಗಿ, ಆಮೇಲೆ ಅವರ ತಂಟೆಗೇ ಹೋಗಲಿಲ್ಲ. ಅಷ್ಟರಲ್ಲಿ ಹಳೆಯ ಲೇತ್ ತೆಗೆದು ಆ ಜಾಗಕ್ಕೆ ಸಿಎನ್‌ಸಿ ತಂದರು. ಇವರಿಗೇನು ಹೇಳಿಕೊಡುವುದು, ಅಷ್ಟು ಅನುಭವ ಇದೆ ಅಂತ ನಾನೂ ಸುಮ್ಮನಿದ್ದೆ. ಅವರೂ ಕೇಳಲಿಲ್ಲ. ಆ ವಯಸ್ಸಿನಲ್ಲಿ, ಮಗನಷ್ಟು ಚಿಕ್ಕ ಹುಡುಗರ ಮುಂದೆ "ನನಗೆ ಬರಲ್ಲ" ಅನ್ನೋದು ಅಷ್ಟು ಸುಲಭವಾ? ಎರಡನೇ ವಾರ ಟೂಲ್ ಹೋಗಿ ಚಕ್‌ಗೆ (ಪೀಸ್ ಹಿಡಿದು ತಿರುಗಿಸುವ ಭಾಗ) ಬಡಿಯಿತು. ಯಾರಿಗೂ ಏಟಾಗಲಿಲ್ಲ. ಲೋಹ ಕತ್ತರಿಸುವುದರಲ್ಲಿ ಅವರು ಗುರು. ಕೀ ಒತ್ತಿ ಮಷಿನ್ ನಡೆಸುವುದರಲ್ಲಿ ಮೊದಲ ದಿನದ ಅಪ್ರೆಂಟಿಸ್. ಎರಡೂ ಒಬ್ಬರೇ.

ಹಂತ 3: ಪ್ರತಿ ತುಂಡಿಗೂ ಎರಡು ಪ್ರಶ್ನೆ ಹಾಕಿ

ಮೊದಲನೆಯದು, ಕೈ ಇದೆಯಾ? ಅಂದರೆ ಈ ಕೆಲಸ ಮಾಡಲು ಬರುತ್ತಾ? ಎರಡನೆಯದು, ಮನಸ್ಸಿದೆಯಾ? ಇದರಲ್ಲಿ ಆಸೆ, ಧೈರ್ಯ ಎರಡೂ ಸೇರಿದೆ.

ಇದು ನಾನು ಕಂಡುಹಿಡಿದದ್ದಲ್ಲ. 1969ರಲ್ಲಿ ಪಾಲ್ ಹರ್ಸಿ, ಕೆನ್ ಬ್ಲಾಂಚರ್ಡ್ ಅನ್ನುವ ಇಬ್ಬರು ಅಮೆರಿಕದವರು ಇದಕ್ಕೆ ಒಂದು ಚೌಕಟ್ಟು ಹಾಕಿಕೊಟ್ಟರು. ಮಗು ಬೆಳೆದ ಹಾಗೆ ಅಪ್ಪ ಅಮ್ಮ ತಮ್ಮ ರೀತಿ ಬದಲಾಯಿಸುತ್ತಾರಲ್ಲ, ಅದೇ ಅದರ ಮೂಲ. ಆಮೇಲೆ ಸಂಶೋಧಕರು ಪರೀಕ್ಷಿಸಿ ನೋಡಿದಾಗ ಈ ಚೌಕಟ್ಟು ಎಲ್ಲ ಕಡೆ ಹೇಳಿದ ಹಾಗೆ ಹೊಂದಲಿಲ್ಲ. ಹೊಸಬರ ವಿಷಯದಲ್ಲಿ, ಅವರಿಗೆ ಬಿಡಿಸಿ ಹೇಳುವುದು ಜಾಸ್ತಿ ಬೇಕು ಅನ್ನುವಲ್ಲಿ, ಚೆನ್ನಾಗಿ ಹೊಂದಿತು. ಹಾಗಾಗಿ ಇದನ್ನು ವೇದವಾಕ್ಯ ಅಂದುಕೊಳ್ಳಬೇಡಿ. ಎದುರಿಗಿರುವವರನ್ನು ಸರಿಯಾಗಿ ನೋಡಲು ಇದೊಂದು ಕನ್ನಡಕ ಅಷ್ಟೇ.

ಕೈ ಇದೆಯಾ ಅಂತ ತಿಳಿಯುವುದು ಹೇಗೆ? "ಬರುತ್ತಾ ಏನಪ್ಪಾ?" ಅಂತ ಕೇಳಬೇಡಿ. "ಬರುತ್ತೆ ಸರ್" ಅಂತಲೇ ಉತ್ತರ ಬರುವುದು. ಕೆಲಸ ಹೋಗುವ ಭಯ ಇರುವವರು ಬೇರೇನು ಹೇಳುತ್ತಾರೆ? ಅದರ ಬದಲು ಪಕ್ಕದಲ್ಲಿ ನಿಂತು "ಒಂದು ಪೀಸ್ ಮಾಡು, ಮಾಡ್ತಾ ಮಾಡ್ತಾ ಏನು ಮಾಡ್ತಿದ್ದೀಯ ಅಂತ ಬಾಯಲ್ಲಿ ಹೇಳು" ಅನ್ನಿ. ಕೈಗೂ ಬಾಯಿಗೂ ತಾಳ ತಪ್ಪುವ ಕಡೆ ನಿಮ್ಮ ಕೆಲಸ ಇದೆ.

ಆಟೋ ಬಿಡಿಭಾಗ ಮಾಡುವ ಶಾಪ್‌ಗಳಲ್ಲಿ ಗೋಡೆ ಮೇಲೆ ಸ್ಕಿಲ್ ಮ್ಯಾಟ್ರಿಕ್ಸ್ ಇರುತ್ತದೆ, ನೋಡಿರುತ್ತೀರಿ. ಹೆಸರಿನ ಮುಂದೆ ನಾಲ್ಕು ಭಾಗ ಮಾಡಿದ ವೃತ್ತಗಳು. ಒಂದು ಕಾಲು ತುಂಬಿದ್ದರೆ ಕಲಿಯುತ್ತಿದ್ದಾನೆ, ಎರಡು ಕಾಲು ತುಂಬಿದ್ದರೆ ಯಾರಾದರೂ ನೋಡಿಕೊಂಡರೆ ಮಾಡುತ್ತಾನೆ, ಮೂರಾದರೆ ಒಬ್ಬನೇ ಮಾಡುತ್ತಾನೆ, ನಾಲ್ಕೂ ತುಂಬಿದರೆ ಇನ್ನೊಬ್ಬರಿಗೆ ಕಲಿಸುತ್ತಾನೆ. ಒಳ್ಳೆಯ ಸಾಧನ. ಆದರೆ ಎಷ್ಟೋ ಕಡೆ ಅದನ್ನು ತುಂಬುವುದು ಆಡಿಟ್‌ಗೆ ಎರಡು ದಿನ ಮುಂಚೆ, ಆಫೀಸ್‌ನಲ್ಲಿ ಕೂತು. ಆ ವೃತ್ತ ನಂಬಿ ಜನರನ್ನು ಬಿಟ್ಟರೆ ನನ್ನ 11 ಪೀಸ್ ಕಥೆಯೇ ಆಗುವುದು. ಮಷಿನ್ ಪಕ್ಕ ನಿಂತು, ಕಣ್ಣಲ್ಲಿ ನೋಡಿ ತುಂಬಿ.

ಅದರಲ್ಲಿ ಇಲ್ಲದ್ದು ಮನಸ್ಸಿನ ಲೆಕ್ಕ. ನಾಲ್ಕೂ ಕಾಲು ತುಂಬಿದವನು ಒಂದು ತಿಂಗಳಿಂದ ಮಂಕಾಗಿರಬಹುದು. ಮನೆಯಲ್ಲಿ ಕಾಯಿಲೆ ಇರಬಹುದು. ಸಂಬಳ ಏರಿಸುವಾಗ ತನ್ನನ್ನು ಮರೆತರು ಅನ್ನುವ ನೋವಿರಬಹುದು. ಇದು ಟೀ ಹೊತ್ತಿನ ಮಾತಲ್ಲಿ ತಿಳಿಯುತ್ತದೆ, ಮೀಟಿಂಗ್‌ನಲ್ಲಿ ತಿಳಿಯುವುದಿಲ್ಲ.

ಹಂತ 4: ನಾಲ್ಕು ರೀತಿಯಲ್ಲಿ ಒಂದನ್ನು ಆರಿಸಿ

*ಬಿಡಿಸಿ ಹೇಳಿಕೊಡುವುದು.* ಕೈ ಇನ್ನೂ ಬಂದಿಲ್ಲ, ಆಸೆ ಇದೆ. ಐಟಿಐನಲ್ಲಿ 2 ವರ್ಷ ಟರ್ನರ್ ಟ್ರೇಡ್ ಓದಿ ಬಂದ ಹುಡುಗನ ಮೊದಲ ತಿಂಗಳು ಹೀಗಿರುತ್ತದೆ. ಅವನ ಹತ್ತಿರ ಹೋಗಿ "ನಿನಗೇನನ್ಸುತ್ತೆ?" ಅಂತ ಕೇಳಿದರೆ ಅದು ಗೌರವ ಅಲ್ಲ, ಕೈಬಿಟ್ಟ ಹಾಗೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಿಗೆ ಕೆಲಸ ಗೊತ್ತಿಲ್ಲದ ಜನ ಹಿಂಡು ಹಿಂಡಾಗಿ ಬಂದಾಗ ಟಿಡಬ್ಲ್ಯೂಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ಅನ್ನುವ ತರಬೇತಿ ಶುರುವಾಯಿತು. ಯುದ್ಧ ಮುಗಿದ ಮೇಲೆ ಅದು ಜಪಾನಿಗೂ ಹೋಯಿತು, ಟೊಯೋಟಾದವರೂ ಅದನ್ನು ತೆಗೆದುಕೊಂಡರು. ಅದರಲ್ಲಿ ಕಲಿಸುವುದಕ್ಕೆ ನಾಲ್ಕು ಮೆಟ್ಟಿಲು: ಕಲಿಯುವವನ ಮನಸ್ಸು ಹದ ಮಾಡು, ಮಾಡಿ ತೋರಿಸುತ್ತಾ ಹೇಳು, ಅವನ ಕೈಯಲ್ಲಿ ಮಾಡಿಸು, ಆಮೇಲೆ ಆಗಾಗ ಬಂದು ನೋಡು. ನಮ್ಮ ಕಡೆ ಎರಡನೇ ಮೆಟ್ಟಿಲಿಗೇ ನಿಲ್ಲಿಸಿಬಿಡುತ್ತೇವೆ. "ತೋರಿಸಿದ್ದೀನಲ್ಲ!"

ಆ ಆಫ್‌ಸೆಟ್ ಹುಡುಗನಿಗೆ ಆಮೇಲೆ ನಾನು ಕಲಿಸಿದ್ದು ಹೀಗೆ. ಮೊದಲು ಬಿಸಿ ಪೀಸ್ ಅಳೆಯಬೇಡ ಅಂದೆ. ಯಾಕೆ ಅಂತಲೂ ಹೇಳಿದೆ. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 11ರಿಂದ 12 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಹಿಗ್ಗುತ್ತದೆ. 40 ಮಿಲಿಮೀಟರ್ ಬೋರ್ 10 ಡಿಗ್ರಿ ಬಿಸಿ ಇದ್ದರೆ ಸುಮಾರು 5 ಮೈಕ್ರಾನ್ ಜಾಸ್ತಿ ತೋರಿಸುತ್ತದೆ. ನಮಗಿರುವುದೇ 25 ಮೈಕ್ರಾನ್ ಜಾಗ, ಅದರಲ್ಲಿ ಐದನೇ ಒಂದು ಭಾಗ ಇಲ್ಲೇ ಹೋಯಿತು. ಆಮೇಲೆ ಒಂದು ಕಾಗದ ಕೊಟ್ಟೆ. ಬಂದ ಅಳತೆ, ಬೇಕಾದ ಅಳತೆ, ಎರಡರ ವ್ಯತ್ಯಾಸ, ಕೂಡಿಸಬೇಕಾ ಕಳೆಯಬೇಕಾ. ಇಷ್ಟು ಬರೆದು ನನಗೆ ತೋರಿಸಿದ ಮೇಲೇ ಕೀ ಒತ್ತಬೇಕು. ಆಫ್‌ಸೆಟ್ ಕೊಟ್ಟ ಮೇಲೆ ಬರುವ ಮೊದಲ ಪೀಸ್ ಅಳೆಯದೆ ಎರಡನೆಯದು ಹಾಕಬಾರದು. ಒಂದು ವಾರ ಹೀಗೇ ನಡೆಯಿತು. "ಸ್ವಲ್ಪ ನೋಡ್ಕೊಂಡು ಕೊಡು" ಅನ್ನುವ ಮಾತು ಹೊಸಬರಿಗೆ ಏನನ್ನೂ ಹೇಳುವುದಿಲ್ಲ.

*ಜೊತೆಗಿದ್ದು ತಿದ್ದುವುದು.* ಇದು ಬಹಳ ಜನ ಗಮನಿಸದೆ ದಾಟಿಹೋಗುವ ಜಾಗ. ಮೊದಲ ಉತ್ಸಾಹ ಇಳಿದಿದೆ, ಕೈ ಅರ್ಧ ಬಂದಿದೆ, ತಪ್ಪುಗಳು ಕಣ್ಣಿಗೆ ಕಾಣುತ್ತಿವೆ. ಎರಡನೇ, ಮೂರನೇ ತಿಂಗಳಲ್ಲಿ ಹುಡುಗರು ಹೇಳದೆ ಕೇಳದೆ ಊರಿಗೆ ಹೋಗಿಬಿಡುವುದು ಇಲ್ಲೇ. ಇಲ್ಲಿ ಹೇಳಿಕೊಡುವುದೂ ಬೇಕು, ಬೆನ್ನು ತಟ್ಟುವುದೂ ಬೇಕು. ತಪ್ಪಾದಾಗ ಮೊದಲು "ಯಾಕೆ ಹೀಗಾಯ್ತು ಅನ್ಸುತ್ತೆ?" ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ, ಆಮೇಲೆ ತಿದ್ದಿ. ತೀರ್ಮಾನ ನಿಮ್ಮದೇ ಇರಲಿ, ಕಾರಣ ಮಾತ್ರ ಅವನಿಗೆ ಗೊತ್ತಾಗಲಿ. ಹೊಗಳುವುದಾದರೆ ಯಾವುದಕ್ಕೆ ಅಂತ ಬಿಡಿಸಿ ಹೇಳಿ. "ಸೂಪರ್ ಕಣೋ" ಅಂದರೆ ಒಂದು ನಿಮಿಷ ಖುಷಿ. "ಇನ್ಸರ್ಟ್ ಬದಲಾಯಿಸಿದ ಮೇಲೆ ನೀನಾಗೇ ಮತ್ತೆ ಅಳೆದೆ, ನೋಡಿದೆ" ಅಂದರೆ ಅವನು ನಾಳೆಯೂ ಅಳೆಯುತ್ತಾನೆ.

*ಬೆನ್ನಿಗೆ ನಿಲ್ಲುವುದು.* ಕೈ ಪೂರ್ತಿ ಇದೆ, ಧೈರ್ಯ ಇಲ್ಲ. ನಮ್ಮ ಇನ್‌ಸ್ಪೆಕ್ಷನ್‌ನಲ್ಲಿ ಒಬ್ಬ ಹೆಣ್ಣುಮಗಳು ಇದ್ದಳು. ಅಳತೆಯಲ್ಲಿ ಅವಳಿಗೆ ಸಾಟಿ ಇರಲಿಲ್ಲ. ಆದರೆ ಒಂದು ದಿನ ನೋಡುತ್ತೇನೆ, ಅವಳ ಮೇಜಿನ ಕೆಳಗೆ ಒಂದು ಟ್ರೇ. ಅದರಲ್ಲಿ ಒಂಬತ್ತು ರಿಜೆಕ್ಟ್ ಪೀಸ್, ಒಂದೂ ರಿಜಿಸ್ಟರ್‌ನಲ್ಲಿ ಇಲ್ಲ. ಕೇಳಿದರೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು, "ಮಷಿನ್ ನಿಲ್ಲಿಸಿ ಅಂದ್ರೆ ಆ ಅಣ್ಣ ಎಲ್ಲರ ಮುಂದೆ ಏನಾದ್ರೂ ಅಂದ್ಬಿಡ್ತಾರೆ ಸರ್."

ಇವಳಿಗೆ ಗೇಜ್ ಹಿಡಿಯುವುದು ಹೇಗೆ ಅಂತ ಹೇಳಿಕೊಟ್ಟರೆ ಅವಮಾನ. "ಧೈರ್ಯವಾಗಿ ಹೇಳಮ್ಮ" ಅಂದರೂ ಪ್ರಯೋಜನ ಇಲ್ಲ. ಏನು ಮಾಡಿದೆ ಅಂದರೆ, ಮಾರನೇ ದಿನ ಶಿಫ್ಟ್ ಶುರುವಿನಲ್ಲಿ ಎಲ್ಲರೂ ನಿಂತಿದ್ದಾಗ, "ಇವರು ನಿಲ್ಲಿಸಿ ಅಂದರೆ ಮಷಿನ್ ನಿಲ್ಲುತ್ತದೆ. ನನ್ನನ್ನು ಕೇಳುವ ಹಾಗಿಲ್ಲ, ನಾನೂ ನಿಲ್ಲಿಸಬೇಡಿ ಅನ್ನುವ ಹಾಗಿಲ್ಲ" ಅಂದೆ. ಮೊದಲ ಸಲ ಅವಳು ನಿಲ್ಲಿಸಿದಾಗ ನಾನು ಹತ್ತಿರ ಹೋದೆ, ಬಾಯಿ ಬಿಡಲಿಲ್ಲ, ಸುಮ್ಮನೆ ಅವಳ ಪಕ್ಕ ನಿಂತೆ. ಆಪರೇಟರ್ ನನ್ನ ಮುಖ ನೋಡಿದ. ನಾನು ಅವಳ ಕಡೆ ನೋಡಿದೆ. ಅವಳೇ ಡಯಲ್ ತೋರಿಸಿ ವಿವರಿಸಿದಳು. ಮೂರನೇ ಸಲಕ್ಕೆ ನಾನು ಹೋಗುವ ಅಗತ್ಯ ಬೀಳಲಿಲ್ಲ. ಈ ರೀತಿಯಲ್ಲಿ ನೀವು ಮಾಡುವುದು ಕಡಿಮೆ, ಬಿಟ್ಟುಕೊಡುವುದು ಜಾಸ್ತಿ. ಉತ್ತರ ನಿಮಗೆ ಗೊತ್ತಿದ್ದರೂ ಅವರ ಬಾಯಿಂದ ಬರಲಿ ಅಂತ ಕಾಯಬೇಕು.

*ಒಪ್ಪಿಸಿಬಿಡುವುದು.* ಕೈಯೂ ಇದೆ, ಮನಸ್ಸೂ ಇದೆ. ಏನು ಬೇಕು, ಯಾವಾಗ ಬೇಕು, ಯಾವ ಗೆರೆ ದಾಟಬಾರದು, ಈ ಮೂರು ಹೇಳಿ ದೂರ ಸರಿಯಿರಿ. ಹೇಗೆ ಮಾಡುತ್ತಾರೆ ಅನ್ನುವುದು ಅವರದು. ಒಪ್ಪಿಸುವುದು ಬೇರೆ, ತಲೆಮೇಲಿಂದ ಇಳಿಸಿಕೊಳ್ಳುವುದು ಬೇರೆ. ಒಪ್ಪಿಸಿದ ಮೇಲೂ ಟೂಲ್ ಸಿಗುತ್ತಿದೆಯಾ, ಮೆಟೀರಿಯಲ್ ಬಂತಾ ಅಂತ ನೋಡುವುದು ನಿಮ್ಮ ಕೆಲಸವೇ.

ಇನ್ನು ಕೈ ಇದ್ದೂ ಮನಸ್ಸು ಮುರಿದವರಿಗೆ ಏನು? ಇವರಿಗೆ ಕೆಲಸ ಹೇಳಿಕೊಡಲು ಹೋಗಬೇಡಿ. ಒಂದು ಕಡೆ ಕೂರಿಸಿ "ಏನಾಗಿದೆ?" ಅಂತ ಕೇಳಿ. ತಪ್ಪು ಕಂಪನಿ ಕಡೆಯಿಂದ ಆಗಿದ್ದರೆ ಒಪ್ಪಿಕೊಳ್ಳಿ. ಸರಿಪಡಿಸುವುದು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಅದನ್ನೂ ನೇರವಾಗಿ ಹೇಳಿ. ಸುಳ್ಳು ಭರವಸೆ ಕೊಟ್ಟರೆ ಇದ್ದ ಮನಸ್ಸೂ ಹೋಗುತ್ತದೆ.

ಹಂತ 5: ಹೊತ್ತು ನೋಡಿ

ಜನ ಅದೇ, ಕೆಲಸ ಅದೇ, ಆದರೂ ಹೊತ್ತು ಬದಲಾದರೆ ರೀತಿ ಬದಲಾಗಬೇಕು.

ಪ್ರಾಣಕ್ಕೆ ಅಪಾಯ ಇದ್ದರೆ ಚರ್ಚೆ ಇಲ್ಲ. ತಿರುಗುವ ಚಕ್ ಹತ್ತಿರ ಯಾರಾದರೂ ಕೈಗವಸು ಹಾಕಿಕೊಂಡು ಕೈ ಹಾಕಿದರೆ, 25 ವರ್ಷ ಅನುಭವದವರಾದರೂ ಸರಿ, ಕೂಗಿ ನಿಲ್ಲಿಸಿ. ಮರ್ಯಾದೆ ಮಾತು ಆಮೇಲೆ. ಎಮರ್ಜೆನ್ಸಿ ಸ್ಟಾಪ್ ಒತ್ತಲು ಯಾರಿಗೂ ಅನುಮತಿ ಬೇಡ.

ಹೊಸ ಜಾಬ್ ಟ್ರಯಲ್ ಹೊತ್ತು ಇದಕ್ಕೆ ತದ್ವಿರುದ್ಧ. ಅಲ್ಲಿ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ, ನಿಮಗೂ. ಹೆಲ್ಪರ್‌ನಿಂದ ಹಿಡಿದು ಎಲ್ಲರನ್ನೂ ಕೇಳಿ. ಒಮ್ಮೆ ಪೀಸ್ ಮೇಲೆ ಗೆರೆ ಬೀಳುತ್ತಿತ್ತು. ನಾವು ಸ್ಪೀಡ್, ಫೀಡ್ ಅಂತ ಅರ್ಧ ದಿನ ತಲೆ ಕೆಡಿಸಿಕೊಂಡೆವು. ಚಿಪ್ಸ್ (ಕತ್ತರಿಸಿ ಬಿದ್ದ ಲೋಹದ ಚೂರು) ತೆಗೆಯುವ ಹುಡುಗ ಕೂಲೆಂಟ್ ಪೈಪ್ ಪಕ್ಕಕ್ಕೆ ತಿರುಗಿಕೊಂಡಿರುವುದನ್ನು ತೋರಿಸಿದ. ಅವನಿಗೆ ಬೆಳಗ್ಗೆಯೇ ಕಂಡಿತ್ತು. ಅವನನ್ನು ಯಾರೂ ಕೇಳಿರಲಿಲ್ಲ.

ಡಿಸ್‌ಪ್ಯಾಚ್ ದಿನ, ಲಾರಿ ಗೇಟಿನಲ್ಲಿ ನಿಂತಿರುವಾಗ, ಹೊಸಬರಿಗೆ ಕಲಿಸಲು ಕೂರಬೇಡಿ. ಅವತ್ತು ಪಳಗಿದವರನ್ನು ಹಾಕಿ, ಹೊಸಬರನ್ನು ನೋಡಲು ಬಿಡಿ. ಆದರೆ ತಿಂಗಳ ಎಲ್ಲ ದಿನವೂ ಡಿಸ್‌ಪ್ಯಾಚ್ ದಿನದ ಹಾಗೆ ಓಡುತ್ತಿದ್ದರೆ ಆ ತೊಂದರೆ ಇರುವುದು ಪ್ಲಾನಿಂಗ್‌ನಲ್ಲಿ.

ಇನ್ನೊಂದು ಸೂಕ್ಷ್ಮ. 1958ರಲ್ಲಿ ಟ್ಯಾನನ್‌ಬಾಮ್ ಮತ್ತು ಶ್ಮಿಟ್ ಎಂಬಿಬ್ಬರು ಒಂದು ಉದ್ದ ಪಟ್ಟಿ ಹಾಕಿ ತೋರಿಸಿದ್ದರು. ಒಂದು ತುದಿಯಲ್ಲಿ ಬಾಸ್ ತೀರ್ಮಾನಿಸಿ ಹೇಳುತ್ತಾನೆ, ಇನ್ನೊಂದು ತುದಿಯಲ್ಲಿ ಹಾಕಿಕೊಟ್ಟ ಗೆರೆಯೊಳಗೆ ತಂಡವೇ ತೀರ್ಮಾನಿಸುತ್ತದೆ, ನಡುವೆ ಹಲವು ಮೆಟ್ಟಿಲು. ನೀವು ಇವತ್ತು ಯಾವ ಮೆಟ್ಟಿಲಲ್ಲಿ ಇದ್ದೀರಿ ಅನ್ನುವುದನ್ನು ಮಾತು ಶುರುಮಾಡುವ ಮುಂಚೆಯೇ ಹೇಳಿ. "ಭಾನುವಾರ ಓವರ್‌ಟೈಮ್ ಬೇಕೇ ಬೇಕು, ಅದು ತೀರ್ಮಾನ ಆಗಿದೆ. ಯಾರು ಬರ್ತೀರಾ, ಎಷ್ಟು ಹೊತ್ತಿಗೆ ಅನ್ನೋದು ನೀವು ಮಾತಾಡ್ಕೊಂಡು ಹೇಳಿ." ಹೀಗೆ. ಮೊದಲೇ ತೀರ್ಮಾನ ಮಾಡಿಟ್ಟುಕೊಂಡು ಕೇಳುವ ನಾಟಕ ಮಾಡಿದರೆ ಜನರಿಗೆ ಗೊತ್ತಾಗುತ್ತದೆ. ಮುಂದಿನ ಸಲ ನಿಜವಾಗಿ ಕೇಳಿದರೂ ಯಾರೂ ಬಾಯಿ ಬಿಡುವುದಿಲ್ಲ.

ಹಂತ 6: ವಯಸ್ಸು, ಊರು, ಭಾಷೆ

ಡಿಪ್ಲೊಮಾ ಮುಗಿಸಿ ಬಂದ 23ರ ಹುಡುಗ, 50 ದಾಟಿದವರ ಮೇಲೆ ಸೂಪರ್‌ವೈಸರ್. ಅವರು ಇವನನ್ನು "ಸರ್" ಅನ್ನುತ್ತಾರೆ. ಇವನು ಅವರನ್ನು "ನೀನು" ಅಂದರೆ ಕಥೆ ಅಲ್ಲಿಗೇ ಮುಗಿಯಿತು. "ಅಣ್ಣ" ಅನ್ನಿ, "ನೀವು" ಅನ್ನಿ. ತಪ್ಪು ಹೇಳುವುದಿದ್ದರೆ ಪಕ್ಕಕ್ಕೆ ಕರೆದು ಹೇಳಿ. ಹೊಸ ವಿಷಯ ಕಲಿಸುವುದಿದ್ದರೆ ಕೊಟ್ಟು ತೆಗೆದುಕೊಳ್ಳುವ ಹಾಗಿರಲಿ. ಟೂಲ್ ಬಡಿದ ಮೇಲೆ ನಾನು ಆ ಹಿರಿಯರಿಗೆ ಹೇಳಿದ್ದು ಇಷ್ಟೇ: "ಅಣ್ಣ, ಈ ಹುಡುಗನಿಗೆ ಟೂಲ್ ಸದ್ದು ಕೇಳಿ ತಿಳಿಯೋದು ಕಲಿಸಿಕೊಡಿ. ಅವನು ನಿಮಗೆ ಕೀ ಬೋರ್ಡ್ ತೋರಿಸ್ತಾನೆ." ಇಬ್ಬರೂ ಒಂದೇ ಮಷಿನ್ ಮೇಲೆ ಆರು ವಾರ ಇದ್ದರು. ಇಬ್ಬರೂ ಕಲಿತರು. ಆಯುಧ ಪೂಜೆ ದಿನ ಆ ಮಷಿನ್ ಮುಂದೆ ಕುಂಬಳಕಾಯಿ ಒಡೆದದ್ದು ಅವರೇ.

ಉತ್ತರ ಕರ್ನಾಟಕದಿಂದ ಬಂದವರು ಅನಿಸಿದ್ದನ್ನು ನೇರವಾಗಿ ಹೇಳಿಬಿಡುತ್ತಾರೆ. ಬೆಂಗಳೂರು ಕಡೆಯ ಸೂಪರ್‌ವೈಸರ್‌ಗೆ ಅದು ಎದುರುಮಾತು ಅನಿಸಬಹುದು. ಅದು ಜಗಳ ಅಲ್ಲ, ಅವರ ಮಾತಿನ ಧಾಟಿ. ಹಾಗೆ ನೇರ ಹೇಳುವವರು ಶಾಪ್‌ಗೆ ಆಸ್ತಿ. ಬಿಹಾರ, ಒಡಿಶಾ ಕಡೆಯ ಹುಡುಗರಿಗೆ ಕನ್ನಡ ಬರುವವರೆಗೆ ಮಾತಿಗಿಂತ ಕೈ ಜಾಸ್ತಿ ಬಳಸಿ. ಓಕೆ ಪೀಸ್, ರಿಜೆಕ್ಟ್ ಪೀಸ್ ಎರಡನ್ನೂ ಮಷಿನ್ ಪಕ್ಕ ನೇತುಹಾಕಿ. ತಲೆಯಾಡಿಸಿದರೆ ಅರ್ಥವಾಯಿತು ಅಂದುಕೊಳ್ಳಬೇಡಿ, ಮಾಡಿ ತೋರಿಸಲು ಹೇಳಿ. ದೀಪಾವಳಿ ಆದ ಆರನೇ ದಿನ ಬಿಹಾರದವರಿಗೆ ಛಠ್ ಹಬ್ಬ. ನಮಗೆ ಯುಗಾದಿ, ಸಂಕ್ರಾಂತಿ ಇದ್ದ ಹಾಗೆ ಅವರಿಗೆ ಅದು. ಆ ರಜೆಯನ್ನು ಮೊದಲೇ ಪ್ಲಾನ್‌ನಲ್ಲಿ ಹಾಕಿಕೊಂಡರೆ ಅವರು ಹೇಳಿಹೋಗುತ್ತಾರೆ, ಹೇಳಿದ ದಿನ ಬರುತ್ತಾರೆ.

ಹಂತ 7: ರೀತಿ ಬದಲಾಯಿಸುವಾಗ ಬಾಯಿ ಬಿಟ್ಟು ಹೇಳಿ

ನೀವು ಒಂದು ದಿನ ಇದ್ದಕ್ಕಿದ್ದ ಹಾಗೆ ದೂರ ಸರಿದರೆ "ನನ್ನನ್ನು ಕೇಳೋರೇ ಇಲ್ಲ" ಅನಿಸುತ್ತದೆ. ಇದ್ದಕ್ಕಿದ್ದ ಹಾಗೆ ಹತ್ತಿರ ಬಂದರೆ "ನನ್ನ ಮೇಲೆ ಅನುಮಾನ" ಅನಿಸುತ್ತದೆ. ಎರಡಕ್ಕೂ ಒಂದೇ ಔಷಧಿ, ಮೊದಲೇ ಹೇಳುವುದು.

"ಇವತ್ತಿಂದ ಪ್ರತಿ ಆಫ್‌ಸೆಟ್ ನನಗೆ ತೋರಿಸ್ಬೇಡ. 0.02ಕ್ಕಿಂತ ಜಾಸ್ತಿ ಕೊಡೋದಿದ್ರೆ ಮಾತ್ರ ಕೇಳು. ನಾನು ಗಂಟೆಗೊಮ್ಮೆ ಒಂದು ಪೀಸ್ ನೋಡ್ತೀನಿ." ಈ ಮಾತು ಹೇಳಿದಾಗ ಆ ಹುಡುಗನ ಮುಖ ನೋಡಬೇಕಿತ್ತು. ಹಿಂದಕ್ಕೆ ಬರುವಾಗಲೂ ಹೀಗೇ: "ಹೊಸ ಮಷಿನ್, ಕಂಟ್ರೋಲ್ ಬೇರೆ. ಎರಡು ವಾರ ನಾನು ಜೊತೆಗಿರ್ತೀನಿ. ನಿಮ್ಮ ಮೇಲೆ ಅನುಮಾನ ಅಂತಲ್ಲ, ಮಷಿನ್ ಹೊಸದು ಅಂತ."

ಒಂದೇ ಸಲಕ್ಕೆ ಎರಡು ಮೆಟ್ಟಿಲು ಹಾರಬೇಡಿ. ಹೇಳಿಕೊಡದೆಯೇ ನೇರ ಒಪ್ಪಿಸುವುದಕ್ಕೆ ಹಾರಿದ್ದೇ ನನ್ನ ಮೊದಲ ತಪ್ಪು.

ಹಂತ 8: "ಅವನಿಗೊಂದು, ನನಗೊಂದು" ಅನ್ನುವ ಮಾತು ಬಂದಾಗ

ಬಂದೇ ಬರುತ್ತದೆ. ಯಾವುದು ಎಲ್ಲರಿಗೂ ಒಂದೇ ಅನ್ನುವುದನ್ನು ಬರೆದು ಅಂಟಿಸಿ: ಸುರಕ್ಷತೆ ನಿಯಮ, ಹಾಜರಿ, ರಜೆ, ಓವರ್‌ಟೈಮ್ ಲೆಕ್ಕ, ಮಾತಿನಲ್ಲಿ ಮರ್ಯಾದೆ. ಇದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು. ವ್ಯತ್ಯಾಸ ಇರುವುದು ನಾನು ಎಷ್ಟು ಹೇಳಿಕೊಡುತ್ತೇನೆ, ಎಷ್ಟು ಬಿಡುತ್ತೇನೆ ಅನ್ನುವುದರಲ್ಲಿ ಮಾತ್ರ. ಕೇಳಿದವರಿಗೆ ಗೋಡೆ ಮೇಲಿನ ವೃತ್ತ ತೋರಿಸಿ, "ಇದು ತುಂಬಿದ ದಿನ ನಿಮಗೂ ಹಾಗೇ ಬಿಡ್ತೀನಿ, ಯಾವಾಗ ಶುರು ಮಾಡೋಣ?" ಅನ್ನಿ. ನಿಮ್ಮ ನೋಟ್‌ಬುಕ್‌ನ "ಕೇ" ಎಲ್ಲ ಒಬ್ಬರ ಕಡೆಗೇ ವಾಲಿದ್ದರೆ ಅವರ ದೂರಿನಲ್ಲಿ ಸತ್ಯ ಇದೆ. ಒಪ್ಪಿಕೊಂಡು ಸರಿಮಾಡಿ.

ಹಂತ 9: ಸಿ ಶಿಫ್ಟ್‌ನಲ್ಲಿ ಅಳೆಯಿರಿ

1939ರಲ್ಲಿ ಕರ್ಟ್ ಲೆವಿನ್ ಮತ್ತು ಜೊತೆಯವರು ಅಮೆರಿಕದ ಅಯೋವಾದಲ್ಲಿ ಮಾಡಿದ ಒಂದು ಪ್ರಯೋಗದ ವರದಿ ಹೊರಗೆ ತಂದರು. ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳು, ಮುಖವಾಡ ಮಾಡುವಂಥ ಕೈಕೆಲಸ. ಎಲ್ಲವನ್ನೂ ಆಜ್ಞೆ ಮಾಡಿ ನಡೆಸುವ ನಾಯಕ ಇದ್ದಾಗ ಕೆಲಸ ಚೆನ್ನಾಗಿಯೇ ಸಾಗಿತು. ಅವನು ಹೊರಗೆ ಹೋದ ಕೂಡಲೇ ಬಿದ್ದುಹೋಯಿತು. ಹುಡುಗರ ಜೊತೆ ಮಾತಾಡಿ ತೀರ್ಮಾನಿಸುವ ನಾಯಕ ಹೊರಗೆ ಹೋದಾಗ ಅವರು ಕೆಲಸ ಮುಂದುವರಿಸಿದರು. ಏನನ್ನೂ ಹೇಳದೆ ಬಿಟ್ಟ ಗುಂಪಿನಲ್ಲಿ ಕೆಲಸ ದಿಕ್ಕುದೆಸೆ ಇಲ್ಲದೆ ಹೋಯಿತು.

ನಮಗೆ ಆ "ನಾಯಕ ಹೊರಗೆ ಹೋದ ಹೊತ್ತು" ಅಂದರೆ ಸಿ ಶಿಫ್ಟ್. ರಾತ್ರಿ ನೀವು ಇಲ್ಲ. ಎ ಶಿಫ್ಟ್‌ನ ರಿಜೆಕ್ಷನ್, ಸಿ ಶಿಫ್ಟ್‌ನ ರಿಜೆಕ್ಷನ್ ಪಕ್ಕ ಪಕ್ಕ ಇಟ್ಟು ನೋಡಿ. ಒಂದೇ ಜಾಬ್, ಒಂದೇ ಮಷಿನ್, ಶಿಫ್ಟ್ ಬದಲಾಗುತ್ತಾ ಹೋದರೂ ಅದೇ ಜನ. ನೀವಿದ್ದಾಗ ಚೆನ್ನಾಗಿದ್ದು ರಾತ್ರಿ ಕೆಡುತ್ತಿದ್ದರೆ, ಹಗಲಲ್ಲಿ ನೀವು ಹೇಳುತ್ತಿರುವುದು ಜಾಸ್ತಿ, ಕಲಿಸುತ್ತಿರುವುದು ಕಡಿಮೆ. ರಾತ್ರಿ ಬೆಳಕು, ನಿದ್ದೆ, ಜನ ಕಡಿಮೆ ಇರುವುದು ಇವೂ ಕಾರಣ ಇರುತ್ತವೆ. ಅವನ್ನು ಮೊದಲು ನೋಡಿ, ಆಮೇಲೆ ನಿಮ್ಮ ರೀತಿಯನ್ನು ನೋಡಿ.

ಶನಿವಾರ ಹತ್ತು ನಿಮಿಷ ನೋಟ್‌ಬುಕ್ ತೆಗೆದು ಕೂತುಕೊಳ್ಳಿ. ಯಾವ ಕೆಲಸದಲ್ಲಿ ಯಾರು ಒಂದು ಮೆಟ್ಟಿಲು ಮೇಲೆ ಬಂದರು, ಯಾರು ಕೆಳಗಿಳಿದರು, ಮುಂದಿನ ವಾರ ಯಾರಿಗೆ ಏನು ಹೇಳಬೇಕು ಅಂತ ಬರೆಯಿರಿ. ಜೊತೆಗೆ ರಾತ್ರಿ ಬಂದ ಫೋನ್‌ಗಳನ್ನೂ ಬರೆಯಿರಿ. ಫೋನ್ ಬಂದಾಗ ನಿದ್ದೆಗಣ್ಣಲ್ಲಿ ಉತ್ತರ ಹೇಳಿ ಮಲಗುವುದು ಸುಲಭ. ಅದರ ಬದಲು "ನೀನೇನು ಮಾಡ್ಬೇಕು ಅಂದ್ಕೊಂಡಿದ್ದೀಯ?" ಅಂತ ಮೊದಲು ಕೇಳಿ. ಎಷ್ಟು ಫೋನ್ ಬಂತು ಅನ್ನುವುದಕ್ಕಿಂತ ಏನು ಕೇಳಿದರು ಅನ್ನುವುದನ್ನು ನೋಡಿ.

ಆ ಆಫ್‌ಸೆಟ್ ಹುಡುಗನ ಫೋನ್‌ಗಳು ನನ್ನ ಹಳೆಯ ನೋಟ್‌ಬುಕ್‌ನಲ್ಲಿ ಇನ್ನೂ ಇವೆ. ಮೊದಲನೆಯದು, "ಸರ್, ಬೋರ್ ಕಮ್ಮಿ ಬರ್ತಿದೆ, ಏನ್ ಮಾಡ್ಲಿ?" ಎರಡು ತಿಂಗಳ ಮೇಲೆ, "ಸರ್, 0.01 ಕೊಡ್ತೀನಿ, ಕೊಡ್ಲಾ?" ಕೊನೆಯದು ರಾತ್ರಿ ಎರಡೂವರೆಗೆ ಬಂದದ್ದು. "ಸರ್, ಇನ್ಸರ್ಟ್ ಚಿಪ್ ಆಗಿತ್ತು. ಮಷಿನ್ ನಿಲ್ಲಿಸ್ದೆ, ಬದಲಾಯಿಸ್ದೆ, ಮೂರು ಪೀಸ್ ಅಳ್ದಿದ್ದೀನಿ, ಓಕೆ ಇದೆ. ಹಿಂದಿನ ಐದು ಪೀಸ್ ಬೇರೆ ಇಟ್ಟಿದ್ದೀನಿ. ಸುಮ್ನೆ ತಿಳಿಸೋಣ ಅಂತ ಮಾಡ್ದೆ. ಮಲ್ಕೊಳ್ಳಿ ಸರ್."